ಸುದ್ದಿ ತೆರೆದ ಹಗೇವು

“ಎಲ್ಲರೂ ಮಾರಿ ಓಡುತ್ತಿರುವಾಗ ಒಬ್ಬನೇ ಸುಮ್ಮನೆ ಕೂರುವುದು ಧೈರ್ಯವೋ, ದಡ್ಡತನವೋ?” ಎಂದು ಮಲ್ಲಿನಾಥ ಗುರುಗಳನ್ನು ಕೇಳಿದ.

ಮಲ್ಲಿನಾಥ ಶಾಲೆಯ ಮಾಸ್ತರ. ಗಂಡ ಸತ್ತ ಮೇಲೆ ಅವನ ಅಕ್ಕ ನೀಲಮ್ಮನಿಗೆ ಪರಿಹಾರವೆಂದು ಒಂದಿಷ್ಟು ಹಣ ಬಂದಿತ್ತು. ಒಡಹುಟ್ಟಿದವನಿಗಿಂತ ಭದ್ರವಾದ ಪೆಟ್ಟಿಗೆ ಯಾವುದಿದೆ ಎಂದು ಅವಳು ಅದನ್ನು ಇವನ ಕೈಗೆ ಕೊಟ್ಟಳು. ಹತ್ತು ವರ್ಷ ಮುಟ್ಟುವುದಿಲ್ಲ ಎಂದುಕೊಂಡು ಇವನು ಅದನ್ನು ಷೇರುಗಳಲ್ಲಿ ಹಾಕಿದ. ಮುಟ್ಟದೆ ಇದ್ದದ್ದು ಐದು ತಿಂಗಳು. ಪೇಟೆ ಬಿದ್ದಾಗ ಹೆದರಿ ಮಾರಿದ, ಏರಿದಾಗ ಆಸೆಪಟ್ಟು ಮತ್ತೆ ಕೊಂಡ. ಹೀಗೆ ಮಾರಿ ಕೊಂಡು, ಕೊಂಡು ಮಾರಿ ಹಣ ಅರ್ಧಕ್ಕೆ ಇಳಿದಿತ್ತು. ಈಗ ಪೇಟೆ ಮತ್ತೆ ಬೀಳುತ್ತಿತ್ತು. ಅಕ್ಕನಿಗೆ ಇದೊಂದೂ ಗೊತ್ತಿರಲಿಲ್ಲ.

ಗುರುಗಳು ಧೈರ್ಯವೆನ್ನಲಿಲ್ಲ, ದಡ್ಡತನವೆನ್ನಲಿಲ್ಲ. ಒಂದು ಕತೆ ಹೇಳಿದರು.

ಕಪ್ಪು ಮಣ್ಣಿನ ಎರೆ ಸೀಮೆಯಲ್ಲಿ ಒಬ್ಬ ರೈತನಿದ್ದ. ಅವನ ಮನೆಯ ಅಂಗಳದಲ್ಲಿ ಅಪ್ಪ ತೋಡಿಸಿದ ಹಗೇವು ಇತ್ತು. ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಸುತ್ತ ಒಣಹುಲ್ಲು ಒತ್ತಿ ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಗಾಳಿ ಹೋಗಬಾರದು, ಅಷ್ಟೇ. ಅಪ್ಪ ಸಾಯುವಾಗ ಮಗನಿಗೆ ಹೇಳಿದ್ದು ಎರಡೇ ಮಾತು. ಹಗೇವನ್ನು ಹಸಿವು ತೆರೆಯಬೇಕು, ಸುದ್ದಿ ತೆರೆಯಬಾರದು. ತೆರೆದ ಮೇಲೆ ಒಂದು ದಿನ ಬಿಟ್ಟು, ಕಂದೀಲು ಇಳಿಸಿ, ಅದು ಉರಿದರೆ ಮಾತ್ರ ಮನುಷ್ಯ ಇಳಿಯಬೇಕು.

ರೈತ ಸೋಮಾರಿಯಲ್ಲ, ದುಂದುಗಾರನಲ್ಲ. ಎರಡು ಒಳ್ಳೆಯ ಬೆಳೆಯ ಜೋಳ ಹಗೇವಿನಲ್ಲಿತ್ತು. ಮಳೆ ಕೈಕೊಟ್ಟರೂ ತನ್ನ ಮನೆ, ತಮ್ಮನ ಮನೆ ಎರಡೂ ಉಣ್ಣಬಹುದಿತ್ತು. ಅವನು ಅದರ ಮೇಲೆ ಚಾಪೆ ಹಾಸಿ ಮಲಗುತ್ತಿದ್ದ. ನಿದ್ದೆಯೂ ಬರುತ್ತಿತ್ತು.

ಒಂದು ಸಂತೆಯಲ್ಲಿ ಜೋಳದ ಬೆಲೆ ಏರಿತು. ಪಕ್ಕದ ಮನೆಯವನು ತನ್ನ ಹಗೇವು ಬರಿದು ಮಾಡಿ ಒಂದು ಜೋಡಿ ಎತ್ತು ಹೊಡೆದುಕೊಂಡು ಬಂದ. ಆ ಎತ್ತುಗಳ ಗಂಟೆ ಕೇಳಿದಾಗಲೆಲ್ಲ ರೈತನ ಹೊಟ್ಟೆ ಉರಿಯುತ್ತಿತ್ತು. ಎಂಟು ದಿನ ತಡೆದುಕೊಂಡ, ಒಂಬತ್ತನೆಯ ದಿನ ಕಲ್ಲು ಎತ್ತಿದ. ಕಾಳು ತೆಗೆದು ಗಾಡಿ ಹೇರಿ ಸಂತೆ ಮುಟ್ಟುವಷ್ಟರಲ್ಲಿ ಬೆಲೆ ಇಳಿದಿತ್ತು. ಮಾರಲು ಮನಸ್ಸು ಬರಲಿಲ್ಲ. ದಾರಿಯಲ್ಲಿ ತುಂತುರು ಹನಿಯಿತು. ಚೀಲಗಳು ತುಸು ತೊಯ್ದವು. ತುಸು ತಾನೆ ಎಂದು ಅವನು ಅದೇ ಕಾಳನ್ನು ಮತ್ತೆ ಹಗೇವಿಗೆ ಸುರಿದು ಮುಚ್ಚಿದ.

ತಿಂಗಳೊಪ್ಪತ್ತಿನಲ್ಲಿ ಇನ್ನೊಂದು ಗಾಳಿಮಾತು ಬಂತು. ಆಚೆ ಊರಿನ ಹಗೇವುಗಳಿಗೆ ಹುಳು ಬಿದ್ದಿದೆಯಂತೆ. ನೋಡಿದವರು ಯಾರೂ ಇರಲಿಲ್ಲ, ಹೇಳುವವರು ಊರ ತುಂಬ ಇದ್ದರು. ರೈತನಿಗೆ ಚಾಪೆಯ ಕೆಳಗೆ ಹುಳು ಹರಿದಾಡಿದಂತಾಯಿತು. ಮತ್ತೆ ತೆರೆದ. ಹುಳುವಿರಲಿಲ್ಲ. ಮುಚ್ಚಿದ. ನೋಡಿದ್ದೇ ಒಳ್ಳೆಯದಾಯಿತು ಎಂದು ಹೆಂಡತಿಗೆ ಹೇಳಿದ. ತೆರೆದಾಗಲೆಲ್ಲ ಒಂದಿಷ್ಟು ತೇವ ಒಳಗೆ ಹೋಗುತ್ತಿತ್ತು. ಒಳಗೆ ಹೋದ ತೇವ ಹೊರಗೆ ಬರುತ್ತಿರಲಿಲ್ಲ.

ಆಮೇಲೆ ಒಬ್ಬ ವ್ಯಾಪಾರಿ ಊರಿಗೆ ಬಂದ. ಪರಸ್ಥಳದಿಂದ ಜೋಳ ಬರುತ್ತಿದೆ, ಇನ್ನು ನಿಮ್ಮ ಕಾಳನ್ನು ದನವೂ ಮೂಸುವುದಿಲ್ಲ, ನಾಳೆ ಮಧ್ಯಾಹ್ನದವರೆಗೆ ಮಾತ್ರ ನಾನು ಕೊಳ್ಳುತ್ತೇನೆ ಎಂದ. ಒಂದು ಕುರಿ ಹಳ್ಳಕ್ಕೆ ಬಿದ್ದರೆ ಮಿಕ್ಕ ಕುರಿಗಳಿಗೆ ಯಾರೂ ದಾರಿ ಹೇಳಬೇಕಾಗಿಲ್ಲ. ಬೆಳಗಾಗುವಷ್ಟರಲ್ಲಿ ಓಣಿಯ ಹಗೇವುಗಳೆಲ್ಲ ಬಾಯಿ ತೆರೆದಿದ್ದವು. ಈ ಜೋಳ ಉಣ್ಣಲಿಕ್ಕೆ ಇಟ್ಟದ್ದಲ್ಲವೇ, ಅದರ ಬೆಲೆ ಬಿದ್ದರೆ ನಮ್ಮ ಹಸಿವೇನು ಹೆಚ್ಚುತ್ತದೆಯೇ ಎಂದು ಹೆಂಡತಿ ಕೇಳಿದಳು. ಸರಿಯಾದ ಮಾತು. ಅದು ಸರಿಯೆಂದು ರೈತನಿಗೂ ಗೊತ್ತಿತ್ತು. ಆದರೆ ಊರೆಲ್ಲ ಬುದ್ಧಿವಂತರಾಗಿ ತಾನೊಬ್ಬ ಹುಚ್ಚನಾಗಿ ಉಳಿಯುವುದನ್ನು ಅವನಿಂದ ಸಹಿಸಲಾಗಲಿಲ್ಲ. ತಮ್ಮನನ್ನು ಕರೆದು ಕಲ್ಲು ಎತ್ತಿದ.

ಹಗೇವಿಗೆ ಇಳಿಯುತ್ತಿದ್ದವನು ಯಾವಾಗಲೂ ತಮ್ಮನೇ. ಮೈ ಹಗುರ. ಅವನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಬಾಯಿಯ ಬಳಿ ಕುಳಿತು ಮುಖ ಸಿಂಡರಿಸಿದ.

“ಅಣ್ಣಾ, ಯಾಕೋ ವಾಸನಿ ಬ್ಯಾರೇನ ಐತಿ. ಕಂದೀಲ ಇಳಿಸಿ ನೋಡೂಣೇನು?”

“ನೋಡಕೋತ ಕುಂತರ ಮಧ್ಯಾಹ್ನ ಆಕ್ಕೇತಿ. ನೀ ಇಳಿ.”

ತಮ್ಮ ಅಣ್ಣನ ಮಾತು ಮೀರಿದವನಲ್ಲ. ಇಳಿದ.

ಮೊದಲನೆಯ ಬುಟ್ಟಿ ಮೇಲೆ ಬಂತು. ಕಾಳು ಬೆಚ್ಚಗಿತ್ತು, ಹುಳಿ ನಾತ ಹೊಡೆಯುತ್ತಿತ್ತು, ಅಲ್ಲಲ್ಲಿ ಮುದ್ದೆಗಟ್ಟಿತ್ತು. ರೈತ ಮುದ್ದೆಗಳನ್ನು ಒಡೆದು ಬೇರೆ ಮಾಡುತ್ತ, ಈ ನಾತಕ್ಕೆ ವ್ಯಾಪಾರಿ ಬೆಲೆಯಲ್ಲಿ ಎಷ್ಟು ಮುರಿಯುತ್ತಾನೋ ಎಂದು ಲೆಕ್ಕ ಹಾಕಿದ. ತಮ್ಮನ ಹೆಂಡತಿ ಚೀಲದ ಬಾಯಿ ಹಿಡಿದುಕೊಂಡು ಎರಡನೆಯ ಬುಟ್ಟಿಗೆ ಕಾಯುತ್ತಿದ್ದಳು. ಅದು ಬರಲಿಲ್ಲ. ರೈತ ಕೂಗಿದ. ಹಗ್ಗ ಜಗ್ಗಿದ. ಅದು ಎಲ್ಲೋ ಸಿಕ್ಕಿಕೊಂಡು ಭಾರವಾಗಿತ್ತು. ತಾನೂ ಧುಮುಕಲು ಹೋದ. ನೆರೆಯವರು ಹಿಡಿದು ನಿಲ್ಲಿಸಿ ಕಂದೀಲು ಇಳಿಸಿದರು. ಅದು ಆಳುದ್ದ ಇಳಿಯುವ ಮೊದಲೇ ಆರಿತು.

ತೇವ ಕುಡಿದ ಕಾಳು ಒಳಗೆ ಬೆಂದು ಗಾಳಿಯನ್ನೆಲ್ಲ ಕೊಂದಿತ್ತು. ಮುಚ್ಚಿಯೇ ಇದ್ದಿದ್ದರೆ ಆ ಜೋಳ ಎರಡು ಮನೆಗಳನ್ನು ಬದುಕಿಸುತ್ತಿತ್ತು. ತಮ್ಮನನ್ನು ಮೇಲೆ ತರುವ ಹೊತ್ತಿಗೆ ವ್ಯಾಪಾರಿಯ ಗಾಡಿಗಳು ಊರು ದಾಟಿದ್ದವು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಮಲ್ಲಿನಾಥ ತಲೆ ಬಗ್ಗಿಸಿ ಕುಳಿತಿದ್ದ. ಅವನಿಗೆ ಅಳು ಬಂದಿತ್ತು. ಚೀಲ ಹಿಡಿದು ನಿಂತ ಹೆಣ್ಣುಮಗಳಿಗೆ ಅಕ್ಕನ ಮುಖವೇ ಇತ್ತು. ಇಂದೇ ಹೋಗಿ ಅವಳಿಗೆ ಎಲ್ಲ ಹೇಳಿಬಿಡಬೇಕು, ಉಳಿದದ್ದನ್ನು ಇನ್ನು ಮುಟ್ಟಬಾರದು ಎಂದುಕೊಂಡ. ನಿಜವಾಗಿಯೂ ಹಾಗೆಂದುಕೊಂಡ. ಗುರುಗಳಿಗೆ ನಮಸ್ಕರಿಸಿ ಎದ್ದ. ಬಾಗಿಲವರೆಗೆ ಹೋದವನು ತಿರುಗಿ ನಿಂತ. ಕೇಳಬಾರದು ಎಂದುಕೊಂಡರೂ ಬಾಯಿ ತಡೆಯಲಿಲ್ಲ.

“ಗುರುಗಳೇ, ಆ ದಿನ ಜೋಳದ ಬೆಲೆ ಕೊನೆಗೆ ಏನಾಯಿತು?”

ಗುರುಗಳು ಹೇಳಿದರು:

“ತಮ್ಮನನ್ನು ಮಣ್ಣು ಮಾಡಿ ಬಂದ ಸಂಜೆ ಆ ರೈತನೂ ಇದನ್ನೇ ಕೇಳಿದ.”