ವಡೆ ಬಾಣಲೆಯೂ ಕೈಮರವೂ

ಕಥೆ ಹೇಳಿ ಅಭ್ಯಾಸವಿಲ್ಲ, ಎಡವಿದರೆ ಕ್ಷಮಿಸಿ. ಒಂದು ಸಣ್ಣ ಸ್ಟೇಷನ್ನಿನಲ್ಲಿ ಗಿರಿಜಕ್ಕನ ವಡೆ ಬಾಣಲೆ ಇತ್ತು. ಎದುರಿಗೆ ಕೈಮರ, ಅಂದರೆ ಕೈ ಚಾಚಿ ರೈಲಿಗೆ ನಿಲ್ಲೆಂದೂ, ಕೈ ಇಳಿಸಿ ಹೋಗೆಂದೂ ಹೇಳುವ ಕಂಬ. ಹಳಿ ಒಂದೇ ಆದ್ದರಿಂದ, ಎಕ್ಸ್‌ಪ್ರೆಸ್ ದಾಟುವವರೆಗೆ ಕೈಮರ ಪ್ಯಾಸೆಂಜರನ್ನು ಅಲ್ಲೇ ಕಾಯಿಸುತ್ತಿತ್ತು. ಜನ ಇಳಿದು, ಕೈಮರವನ್ನು ಬೈಯುತ್ತ ವಡೆ ತಿನ್ನುತ್ತಿದ್ದರು.

ಬಾಣಲೆಯೂ ಹಂಗಿಸಿತು: "ಏನಣ್ಣ, ಚಾಚಿದ ಕೈಗೆ ಜೋಮು ಹಿಡಿಯಿತೇ? ಪಾಪ, ಅವರನ್ನು ಬಿಡಬಾರದೇ?"

"ಇನ್ನೊಂದು ಹಳಿ ಬರಲಿ ತಂಗಿ, ಬಿಡುತ್ತೇನೆ."

ಹಳಿ ಬಂತು. ಪ್ಯಾಸೆಂಜರ್ ನಿಂತಂತೆ ಮಾಡಿ ಹೊರಟಿತು. ಕಿಟಕಿಗಳಿಂದ ಕೈಗಳು ಹೊರಬಂದವು, ಆದರೆ ವಡೆ ಇನ್ನೂ ಬೇಯುತ್ತಿತ್ತು. ಗಿರಿಜಕ್ಕ ಒಲೆ ಆರಿಸತೊಡಗಿದಳು.

"ಅಣ್ಣಾ, ಒಂದು ಗಳಿಗೆ ರೈಲು ನಿಲ್ಲಿಸು!" ಎಂದಿತು ಬಾಣಲೆ.

"ಯಾರಿಗಾಗಿ ನಿಲ್ಲಿಸಲಿ ತಂಗಿ? ಎಕ್ಸ್‌ಪ್ರೆಸ್ಸಿಗೆ ಈಗ ಅದರದೇ ದಾರಿ ಇದೆ."

ಅಂದರೆ, ರೈಲು ಕಾದು ನಿಂತಿದ್ದರಿಂದಲೇ ಆ ಊರಿನ ಒಲೆ ಉರಿಯುತ್ತಿತ್ತು ಎಂದು ನನ್ನ ಅನಿಸಿಕೆ. ಹಾಗೆಂದು ಬೈದವರದು ತಪ್ಪಲ್ಲ, ಅವರಿಗೂ ಮನೆ ಸೇರಬೇಕಿತ್ತು. ಇಬ್ಬರಿಗೂ ಒಪ್ಪುವಂತೆ ರೈಲು ಎಷ್ಟು ಹೊತ್ತು ನಿಲ್ಲಬೇಕೆಂದರೆ... ಅಯ್ಯೋ, ಅತ್ತಿಗೆ ಕೂಗುತ್ತಿದ್ದಾರೆ. ಬಂದೆ ಅತ್ತಿಗೆ, ಬಂದೆ!