ಬಾಳವ್ವನ ಮೊಳೆ

ಹೊಳೆಗೆ ಇನ್ನೂ ಸೇತುವೆ ಹುಟ್ಟದ ಕಾಲ ಅದು. ಹೊಳೆ ದಂಡೆಯ ಮೇಲೆ ಹೊಳಿಗಡ್ಡಿ ಅಂತ ಒಂದೂರು. ಆ ಊರಿನಲ್ಲಿ ಗಾಣಿಗರ ಬಾಳವ್ವ ಅಂತ ಒಬ್ಬ ಹೆಣ್ಣುಮಗಳು ಇದ್ದಳಂತೆ. ಅವಳ ಅಜ್ಜ ಎತ್ತಿನ ಗಾಣ ತಿರುಗಿಸಿದವನು, ಅಪ್ಪನೂ ತಿರುಗಿಸಿದವನು. ಇವಳ ಕಾಲಕ್ಕೆ ಗಾಣ ನಿಂತಿತು, ಊರಿಗೆ ಇಂಜಿನ್ನುಗಳು ಬಂದವು. ಹಿಟ್ಟಿನ ಗಿರಣಿಗೆ ಇಂಜಿನ್ನು, ನೀರೆತ್ತಲು ಇಂಜಿನ್ನು, ಹೊಳೆ ದಾಟಿಸುವ ಲಾಂಚಿಗೆ ಇಂಜಿನ್ನು. ಎಣ್ಣೆ ಮಾರುವುದು ನಮ್ಮ ಮನೆತನ, ಯಾವ ಎಣ್ಣೆಯಾದರೇನು ಎಂದು ಬಾಳವ್ವ ಶೇಂಗಾ ಎಣ್ಣೆಯ ಜಾಗದಲ್ಲಿ ಇಂಜಿನ್ನಿನ ಎಣ್ಣೆ ಇಟ್ಟಳು.

ಅವಳ ಕಥೆಗೆ ಜನ ಕೈಕಾಲು ಹಚ್ಚಿದ್ದಾರೆ. ಆಚೆ ದಂಡೆಯ ಇಂಜಿನ್ನಿನ ಸದ್ದನ್ನು ಈಚೆ ದಂಡೆಯಲ್ಲಿ ಕೇಳಿ ಅದಕ್ಕೆ ಯಾವ ಎಣ್ಣೆ ಬೇಕೆಂದು ಹೇಳುತ್ತಿದ್ದಳಂತೆ. ಮಲಗಿದ್ದ ಗಿರಣಿಯೊಂದು ಅವಳು ಎಣ್ಣೆ ಹಾಕಿದ ಕೂಡಲೇ ಕೆಮ್ಮಿ ಎದ್ದು ಕೂತಿತಂತೆ. ಇರಲಿ. ನಿಜ ಇಷ್ಟು: ಡಬ್ಬಿ ಕೇಳಲು ಬಂದವರಿಗೆ ಬಾಳವ್ವ ಡಬ್ಬಿ ಕೊಡುತ್ತಿರಲಿಲ್ಲ, ಮೊದಲು ವಿಚಾರಣೆ ಮಾಡುತ್ತಿದ್ದಳು. ಇಂಜಿನ್ನಿಗೆ ವಯಸ್ಸೆಷ್ಟು, ಕುಡಿಯುವುದು ಪೆಟ್ರೋಲೋ ಡೀಸೆಲ್ಲೋ, ಓಡುವುದೋ ಎಳೆಯುವುದೋ, ಹೊಗೆ ಬಿಳಿಯೋ ಕರಿಯೋ. ಸೊಸೆ ತರುವಾಗಲೂ ಜನ ಇಷ್ಟು ಕೇಳುವುದಿಲ್ಲ ಎಂದು ಗಂಡಸರು ಗೊಣಗುತ್ತಿದ್ದರು. ಬಾಳವ್ವನ ನಾಲಿಗೆಯೂ ಬಲು ಖಾರ. ತಪ್ಪು ಎಣ್ಣೆ ಕೇಳಿದವನಿಗೆ ಬುದ್ಧಿ ಹೇಳುವ ಮುಂಚೆ ಬೈಗುಳ ಹೇಳುತ್ತಿದ್ದಳು.

ಲಾಂಚು ನಡೆಸುವವನು ಅಂಬಿಗರ ದುರಗಪ್ಪ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಲಾಂಚು ನಡೆಸುತ್ತಿದ್ದ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಅದೇ ಹೊಳೆಯ ಉಸುಕಿನ ಮೇಲೆ ಕಾರು ಓಡಿಸುತ್ತಿದ್ದ. ಆಗ ಸುತ್ತಲಿನ ಊರುಗಳವರು ಮೇಲ್ಛಾವಣಿ ಕಿತ್ತ ಹಳೇ ಕಾರುಗಳನ್ನು ತಂದು ಉಸುಕಿನಲ್ಲಿ ಪಂದ್ಯ ಕಟ್ಟುತ್ತಿದ್ದರಂತೆ. ದುರಗಪ್ಪನ ಕಾರು ಪ್ರತಿ ಸಲ ಇಂಜಿನ್ನು ಕಾದು ಅರ್ಧಕ್ಕೇ ನಿಲ್ಲುತ್ತಿತ್ತು. ಒಂದು ವರ್ಷ ಅವನು ಬಾಳವ್ವನ ಹತ್ತಿರ ಬಂದ. ಅವಳು ಎಲ್ಲ ಕೇಳಿದಳು, ಬೈದಳು, ಆಮೇಲೆ ದೂರದ ಪೇಟೆಯಿಂದ ಒಂದು ಡಬ್ಬಿ ತರಿಸಿಕೊಟ್ಟಳು. ತೆಳ್ಳನೆಯ ಎಣ್ಣೆ, ಡಬ್ಬಿಯ ಮೇಲೆ ಓಡುವ ಕೆಂಪು ಕಾರಿನ ಚಿತ್ರ. ಪಂದ್ಯ ಮುಗಿದ ಕೂಡಲೇ ಇದನ್ನು ಬಸಿದು ಚೆಲ್ಲಬೇಕು, ಬೇರೆ ಯಾವುದಕ್ಕೂ ಹಾಕಬಾರದು ಎಂದು ಹೇಳಿ ಕೊಟ್ಟಳು. ಆ ವರ್ಷ ದುರಗಪ್ಪ ಗೆದ್ದ. ಅವನ ಹಿಂದೆ ಎದ್ದ ಧೂಳು ಸಂಜೆಯಾದರೂ ಇಳಿಯಲಿಲ್ಲ ಅಂತಾರೆ.

ಗೆದ್ದದ್ದು ಕಾರಾದರೂ ಊರು ಕೊಂಡಾಡಿದ್ದು ಡಬ್ಬಿಯನ್ನು. ನೋಡಿ, ಇಲ್ಲೇ ನನಗೆ ಸಿಟ್ಟು ಬರುವುದು. ನಮ್ಮ ಜನಕ್ಕೆ ಒಳಗಿನ ಎಣ್ಣೆಗಿಂತ ಮೇಲಿನ ಚಿತ್ರ ದೊಡ್ಡದು. ಮಹಾನವಮಿ ಬಂದಾಗ ದುರಗಪ್ಪನ ಹೆಂಡತಿ ಹೊನ್ನವ್ವ ನೇಗಿಲ ಕುಡ, ಕುಡಗೋಲುಗಳ ಜೊತೆಗೆ ಆ ಖಾಲಿ ಡಬ್ಬಿಯನ್ನೂ ಪೂಜೆಗೆ ಇಟ್ಟಳು. ಕಾರಿನ ಚಿತ್ರ ಮುಚ್ಚಬಾರದೆಂದು ಡಬ್ಬಿಯ ಬೆನ್ನಿಗೆ ಮೂರು ಬೆರಳಿನಿಂದ ವಿಭೂತಿ ಎಳೆದಳು. ಜೋಳದ ಕಣಿಕೆ ಕೊಯ್ಯುವಾಗ ಅವಳ ನಡುಬೆರಳಿನ ತುದಿ ಹೋಗಿತ್ತು. ಅದಕ್ಕೇ ಅವಳು ಎಳೆದ ವಿಭೂತಿಯಲ್ಲಿ ನಡುವಿನ ಗೆರೆ ಯಾವಾಗಲೂ ಮಸುಕು. ಡಬ್ಬಿಗೆ ಅಂಟಿದ್ದ ಎಣ್ಣೆಯಲ್ಲಿ ಕಲೆತು ಆ ವಿಭೂತಿ ಸುಣ್ಣದ ಹಾಗೆ ಹಿಡಿದು ಕೂತಿತು.

ಅದಾದ ಮೇಲೆ ಒಬ್ಬ ವ್ಯಾಪಾರಿ ಊರೂರು ತಿರುಗುತ್ತ ಬಂದ. ಅವನ ಹೆಸರು ಯಾರೂ ಹೇಳುವುದಿಲ್ಲ, ಹೇಳಿಸಿಕೊಳ್ಳುವ ಯೋಗ್ಯತೆಯೂ ಅದಕ್ಕಿಲ್ಲ. ಡಬ್ಬಿಯವ ಅಂತಾರೆ, ಸಾಕು. ಹಳೇ ಡಬ್ಬಿ ಕೊಟ್ಟರೆ ಹೊಸ ಪಾತ್ರೆ ಕೊಡುತ್ತೇನೆ ಎಂದ. ಹೆಂಗಸರು ಹಿತ್ತಲಿನಿಂದ, ಅಟ್ಟದಿಂದ ಡಬ್ಬಿ ಹುಡುಕಿ ತಂದರು. ಹೊನ್ನವ್ವನೂ ಒಲ್ಲದ ಮನಸ್ಸಿನಿಂದ ಕಾರಿನ ಡಬ್ಬಿ ಕೊಟ್ಟು ಹಾಲು ಕಾಸುವ ಪಾತ್ರೆ ತಗೊಂಡಳು. ತುಕ್ಕು ಹಿಡಿಯುವ ತಗಡಿಗೆ ಹೊಳೆಯುವ ಪಾತ್ರೆ ಯಾರು ಕೊಡುತ್ತಾರೆ, ಯಾಕೆ ಕೊಡುತ್ತಾರೆ ಎಂದು ಕೇಳುವವರು ಊರಲ್ಲಿ ಒಬ್ಬರೂ ಇರಲಿಲ್ಲ. ಬಾಳವ್ವ ಒಬ್ಬಳು ಕೇಳಿದಳು. ನಿನಗೆ ಹೊಟ್ಟೆಕಿಚ್ಚು ಎಂದರು.

ಮಳೆಗಾಲ ಹತ್ತಿರ ಬಂತು. ದುರಗಪ್ಪ ಲಾಂಚಿಗೆ ಎಣ್ಣೆ ಬದಲಿಸಬೇಕು. ಅವನು ಬಾಳವ್ವನ ಅಂಗಡಿಗೆ ಬಂದು, ಕಾರು ಗೆಲ್ಲಿಸಿದ ಎಣ್ಣೆಯನ್ನೇ ಲಾಂಚಿಗೂ ಕೊಡು ಎಂದ. ಬಾಳವ್ವ ಕೊಡಲಿಲ್ಲ.

“ಓಡೂದು ಬ್ಯಾರೆ, ಎಳಿಯೂದು ಬ್ಯಾರೆ,” ಅಂದಳಂತೆ. “ಕಾರು ಒಂದ ದಮ್ಮಿಗೆ ಓಡಿ ನಿಲ್ತೈತಿ. ನಿನ್ನ ಲಾಂಚು ಮುಂಜಾನಿಂದ ಸಂಜಿತನಕ ಜನಾ ಹೊತ್ತು ಸೆಳವಿಗೆ ಎದಿ ಕೊಡತೈತಿ. ಅದಕ ಮಸಿ ತೊಳಿಯೂ ದಪ್ಪ ಎಣ್ಣಿ ಬೇಕು. ಇದರ ಮ್ಯಾಲ ಕಾರಿನ ಚಿತ್ರಾ ಇಲ್ಲ, ಏನೂ ಇಲ್ಲ. ತಗೊಂಡ ಹೋಗು.”

ದುರಗಪ್ಪನಿಗೆ ಅವಮಾನವಾಯಿತು. ಗೆದ್ದವನಿಗೆ ಚಿತ್ರವಿಲ್ಲದ ಡಬ್ಬಿಯೇ? ಅಷ್ಟರಲ್ಲಿ ಡಬ್ಬಿಯವ ಮತ್ತೆ ಬಂದಿದ್ದ, ಈ ಸಲ ತುಂಬಿದ ಡಬ್ಬಿಗಳ ಗಾಡಿಯೊಂದಿಗೆ. ಎಲ್ಲದರ ಮೇಲೂ ಅದೇ ಕೆಂಪು ಕಾರು. ಬೆನ್ನಿಗೆ ‘ತಾಜಾ ಮಾಲು’ ಎಂಬ ಹಳದಿ ಚೀಟಿ. ಬಾಯಿಗೆ ಬೆಸುಗೆ, ಬೆಸುಗೆಯ ಮೇಲೆ ಅರಗು. ಗಿರಣಿಗೂ ಇದೇ, ಪಂಪಿಗೂ ಇದೇ, ಲಾಂಚಿಗೂ ಇದೇ ಎಂದ. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ಊರು, ಮುಗಿಬಿದ್ದು ತಗೊಂಡಿತು. ದುರಗಪ್ಪ ಡಬ್ಬಿಯನ್ನು ಹೆಗಲ ಮೇಲಿಟ್ಟುಕೊಂಡು ಬೇಕಂತಲೇ ಬಾಳವ್ವನ ಅಂಗಡಿ ಮುಂದೆ ಹಾದುಹೋದ. ಬಾಳವ್ವನಿಗೆ ತಡೆಯಲಾಗಲಿಲ್ಲ.

“ಹೋಗು ಹೋಗು. ನಡುಹೊಳ್ಯಾಗ ನಿಂತಾಗ ನನ್ನ ನೆನಸ್ತಿ,” ಅಂದುಬಿಟ್ಟಳು. ಇಡೀ ಓಣಿ ಕೇಳಿಸಿಕೊಂಡಿತು.

ಹೊಳೆ ತುಂಬಿ ಕೆಂಪಾಗಿ ಹರಿಯುತ್ತಿದ್ದಾಗ ಲಾಂಚು ನಡುವೆಯೇ ನಿಂತಿತು. ಇಂಜಿನ್ನು ಕಿರುಗುಟ್ಟಿ, ಬಿಗಿದುಕೊಂಡು, ಸತ್ತಿತು. ಜನ ತುಂಬಿದ್ದ ಲಾಂಚು ಸೆಳವಿಗೆ ಸಿಕ್ಕು ತಿರುಗುತ್ತ ಹೊರಟಿತು. ದುರಗಪ್ಪ ಲಾಂಚಿನ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಹೊಳೆಗೆ ಹಾರಿದ. ನೀರಿನ ಮೇಲೆ ತಲೆ ತೋರಿಸುತ್ತಿದ್ದ ಜಾಲಿಮರಕ್ಕೆ ಈಜಿ, ಹಗ್ಗ ಬಿಚ್ಚಿ ಅದಕ್ಕೆ ಬಿಗಿದ. ಲಾಂಚು ನಿಂತಿತು, ಅದರಲ್ಲಿದ್ದವರೆಲ್ಲ ಉಳಿದರು. ತೇಲಿಬಂದ ದಿಮ್ಮಿಯೊಂದು ದುರಗಪ್ಪನಿಗೆ ಬಡಿಯಿತು. ಅವನು ಸಿಗಲಿಲ್ಲ.

ಊರು ಅತ್ತಿತು. ಅತ್ತು ಮುಗಿದ ಮೇಲೆ ಯಾರನ್ನು ಬೈಯಬೇಕೆಂದು ಹುಡುಕಿತು. ಡಬ್ಬಿಯವನನ್ನು ಬೈದರೋ? ಇಲ್ಲ. ಚಿತ್ರ ನೋಡಿ ಕುಣಿದ ತಮ್ಮನ್ನು ಬೈದುಕೊಂಡರೋ? ಅದೂ ಇಲ್ಲ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುವ ಹಾಗೆ ಎಲ್ಲರೂ ಬಾಳವ್ವನ ಮೇಲೆ ಬಿದ್ದರು. ಅವಳದು ಕರಿನಾಲಿಗೆ, ಅವಳ ಮಾತು ತಾಗಿಯೇ ಲಾಂಚು ನಿಂತಿತು ಎಂದರು. ನಾಚಿಕೆಯಾಗಬೇಕು. ಕರಿ ಇದ್ದದ್ದು ಎಣ್ಣೆ, ಹೆಸರು ಬಂದದ್ದು ನಾಲಿಗೆಗೆ. ಅವಳ ಅಂಗಡಿಗೆ ಬೀಗ ಹಾಕಬೇಕು, ಅವಳನ್ನು ಊರು ಬಿಡಿಸಬೇಕು ಎಂದು ಹಿರಿಯರು ಚಾವಡಿಯಲ್ಲಿ ಸೇರಿದರು. ಲಾಂಚಿನಲ್ಲಿ ಬದುಕಿ ಬಂದವರೂ ಆ ಸಭೆಯಲ್ಲಿ ಕೂತು ತಲೆಯಾಡಿಸಿದರಂತೆ.

ಬಾಳವ್ವ ಸಭೆಗೆ ಬರುವ ಮುಂಚೆ ದಂಡೆಗೆ ಹೋದಳು. ಎಳೆದು ತಂದಿದ್ದ ಲಾಂಚು ಹತ್ತಿ ಇಂಜಿನ್ನಿನೊಳಗೆ ಬೆರಳದ್ದಿದಳು. ಬೆರಳುಗಳ ನಡುವೆ ತಿಕ್ಕಿದಳು, ಮೂಸಿದಳು. ಅದು ತೆಳ್ಳನೆಯ ಪಂದ್ಯದ ಎಣ್ಣೆಯೂ ಅಲ್ಲ, ಯಾವ ಎಣ್ಣೆಯೂ ಅಲ್ಲ. ಯಾವುದೋ ಲಾರಿ ಸುಟ್ಟು ಬಿಸಾಡಿದ್ದನ್ನು ಬಟ್ಟೆಯಲ್ಲಿ ಸೋಸಿ, ಬಣ್ಣ ಹಾಕಿದ ಹೊಲಸು. ಉಗುರಿನ ಸಂದಿಗೆ ಕಬ್ಬಿಣದ ಪುಡಿ ಹತ್ತಿತು. ಬಾಳವ್ವನ ಮೈ ಉರಿಯಿತು. ಲಾಂಚಿನ ಮೂಲೆಯಲ್ಲಿ ಖಾಲಿ ಡಬ್ಬಿ ಬಿದ್ದಿತ್ತು. ಅದನ್ನು ಎತ್ತಿಕೊಂಡು ಚಾವಡಿಗೆ ನಡೆದಳು. ಇವತ್ತು ಈ ಊರಿನ ಏಳು ತಲೆಮಾರನ್ನು ಬೈದು ಹೋಗಬೇಕು ಎಂದು ದಾರಿಯುದ್ದಕ್ಕೂ ಬೈಗುಳ ಆಯ್ದಿಟ್ಟುಕೊಂಡಳು.

ಚಾವಡಿಯಲ್ಲಿ ಹೊನ್ನವ್ವ ಕುಂಕುಮವಿಲ್ಲದ ಹಣೆಯಲ್ಲಿ ಕೂತಿದ್ದಳು. ನನ್ನ ಗಂಡನನ್ನು ನಿನ್ನ ಬಾಯಿ ತಿಂದಿತು ಎಂದಳು. ಬಾಳವ್ವ ಕೈಯಲ್ಲಿದ್ದ ಡಬ್ಬಿಯನ್ನು ಎಲ್ಲರ ಮುಂದೆ ಇಟ್ಟಳು. ಹೊಸ ಡಬ್ಬಿಯ ಬೆನ್ನಿಗೆ ಚೀಟಿ ಯಾಕೆ ಅಂಟಿಸಿದ್ದಾನೆ, ಯಾರಾದರೂ ಹೇಳಿ ಎಂದು ಹಿರಿಯರನ್ನು ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಅವಳು ಚೀಟಿಯ ಮೇಲೆ ನೀರು ಸುರಿದು, ಉಗುರಿನಿಂದ ಕೆರೆದು ಕಿತ್ತಳು.

ಅಡಿಯಲ್ಲಿ ಮೂರು ಗೆರೆ ವಿಭೂತಿ. ನಡುವಿನದು ಮಸುಕು.

ಹೊನ್ನವ್ವ ಎದ್ದು ಬಂದಳು. ತನ್ನ ಮೂರು ಬೆರಳನ್ನು ಆ ಗೆರೆಗಳ ಮೇಲೆ ಇಟ್ಟಳು, ಸರಿಯಾಗಿ ಕೂಡಿದವು. ತಾನು ಪೂಜೆ ಮಾಡಿ, ಪಾತ್ರೆಯ ಆಸೆಗೆ ತಾನೇ ಕೊಟ್ಟ ಡಬ್ಬಿ. ಅದು ವಿಷ ತುಂಬಿಕೊಂಡು ತಿರುಗಿ ಬಂದಿತ್ತು, ಗಂಡ ಅದನ್ನೇ ಹೆಗಲ ಮೇಲೆ ಹೊತ್ತುಕೊಂಡು ಹೋಗಿದ್ದ.

ಆಗ ಬಾಳವ್ವ ಗೆದ್ದಿದ್ದಳು. ಆಯ್ದಿಟ್ಟ ಬೈಗುಳಗಳೆಲ್ಲ ಬಾಯ ತುದಿಯಲ್ಲೇ ಇದ್ದವು. ಹೊನ್ನವ್ವನ ಮುಖ ನೋಡಿದಳು, ಒಂದನ್ನೂ ಆಡಲಿಲ್ಲ. ಜನ್ಮದಲ್ಲಿ ಅದೊಂದೇ ಸಲ ಅವಳು ಬೈಗುಳ ನುಂಗಿದ್ದು ಅಂತಾರೆ. ಚಾವಡಿಯ ಬಾಗಿಲಿಗೆ ಹೊಡೆದಿದ್ದ ಮೊಳೆಯೊಂದನ್ನು ಅಲ್ಲಾಡಿಸಿ ಕಿತ್ತು ಹೊನ್ನವ್ವನ ಕೈಗೆ ಕೊಟ್ಟಳು.

“ನೀ ಹೊಡಿ ಯವ್ವಾ. ಇನ್ನ ಯಾರ ಮನಿಗೂ ಇದು ತಿರುಗಿ ಬರಬಾರದು.”

ಹೊನ್ನವ್ವ ಕಲ್ಲು ತಗೊಂಡು ಮೊಳೆ ಹೊಡೆದಳು. ಕೆಂಪು ಕಾರಿನ ನಡುವೆ ತೂತಾಯಿತು. ಆಮೇಲೆ ಇಬ್ಬರೂ ಅದೇ ಮೊಳೆ ಹಿಡಿದು ಮನೆಮನೆಗೆ ಹೋದರು. ಒಳಗಿನ ಹೊಲಸನ್ನು ತಿಪ್ಪೆಗೆ ಸುರಿಸಿ, ಊರಿನ ಡಬ್ಬಿಗಳಿಗೆಲ್ಲ ತೂತು ಹೊಡೆದರು. ಬೇಡವೆಂದು ಬಾಗಿಲಿಗೆ ಅಡ್ಡ ನಿಂತ ಮನೆಗಳೂ ಇದ್ದವಂತೆ, ತಗಡು ಹಾಳಾಗುತ್ತದಲ್ಲ ಎಂದು. ಅಂಥವರು ಯಾವ ಕಾಲಕ್ಕೂ ಇರುತ್ತಾರೆ.

ಡಬ್ಬಿಯವನಿಗೆ ಏನಾಯಿತು? ಏನೂ ಆಗಲಿಲ್ಲ. ಹೊಳಿಗಡ್ಡಿಯ ಡಬ್ಬಿಗಳು ಸಿಗದೆ ಬೇರೆ ಊರಿಗೆ ಹೋದ. ತೀರ್ಪು ಹೇಳಲು ಸೇರಿದ್ದ ಹಿರಿಯರು ತಪ್ಪಾಯಿತು ಅಂದರೋ? ಅದನ್ನೂ ಅನ್ನಲಿಲ್ಲ. ಮರುದಿನ ಅವರಲ್ಲೇ ಒಬ್ಬರು ಪಂಪಿಗೆ ಎಣ್ಣೆ ಬೇಕೆಂದು ಬಾಳವ್ವನ ಅಂಗಡಿ ಮುಂದೆ ನಿಂತಿದ್ದರು. ಅವಳು ವಯಸ್ಸು ಕೇಳಿದಳು, ಹೊಗೆ ಕೇಳಿದಳು, ಡಬ್ಬಿ ಕೊಟ್ಟಳು. ಕೊಡಬಾರದಿತ್ತು ಅಂತ ನಾನು ಹೇಳುತ್ತೇನೆ. ಆದರೆ ಪಂಪು ಏನು ತಪ್ಪು ಮಾಡಿತ್ತು ಅಂತ ಅವಳು ಹೇಳಿದಳಂತೆ.

ಇಂದಿಗೂ ಆ ಹೊಳೆ ದಂಡೆಯ ಊರುಗಳಿಗೆ ಹೋಗಿ ನೋಡಿ. ಟ್ರ್ಯಾಕ್ಟರಿಗಾಗಲಿ, ಗಿರಣಿಗಾಗಲಿ, ಬೈಕಿಗಾಗಲಿ ಎಣ್ಣೆ ಹಾಕಿದ ಮೇಲೆ ಖಾಲಿ ಡಬ್ಬಿಯನ್ನು ಗಂಡಸರು ಎಸೆಯುವುದಿಲ್ಲ, ಮನೆಯ ಹೆಂಗಸಿನ ಕೈಗೆ ಕೊಡುತ್ತಾರೆ. ಈಗ ತಗಡು ಹೋಗಿ ಪ್ಲಾಸ್ಟಿಕ್ ಬಂದಿದೆ, ಆದರೂ ಕೊಡುತ್ತಾರೆ. ಅವಳು ಅದಕ್ಕೆ ಮೊಳೆ ಹೊಡೆಯುತ್ತಾಳೆ. ಹೊಡೆದ ಮೇಲೆ ಗಂಡನೋ ಮಗನೋ ಗಾಡಿ ಹತ್ತಿ ಹೊರಡುತ್ತಾನೆ. ಅಲ್ಲಿಯವರೆಗೆ ಗಾಡಿ ಚಾಲೂ ಮಾಡಲು ಅವಳು ಬಿಡುವುದಿಲ್ಲ.