ಕೆಂಪು ಕಾರು, ಮೂರೆಳೆ ವಿಭೂತಿ

ಮಲಪ್ರಭಾ ಹೊಳೆಯ ದಂಡೆಯ ಆಶ್ರಮದಲ್ಲಿ ನಿಂಗಜ್ಜನವರಿಗೆ ಒಬ್ಬನೇ ಶಿಷ್ಯ. ಬಂದವರು ಬಹಳ ಮಂದಿ. ಸಗಣಿ ಬಾಚುವ ಕೆಲಸ ದಾಟಿ ಉಳಿದವನು ಈರಸಂಗಪ್ಪ ಒಬ್ಬ.

ಈರಸಂಗಪ್ಪನಿಗೆ ನಲವತ್ತು ವರ್ಷ. ಆಶ್ರಮಕ್ಕೆ ಬರುವ ಮೊದಲು ಗದಗಿನ ಬಟ್ಟೆ ಅಂಗಡಿಯೊಂದರಲ್ಲಿ ಹದಿನೈದು ವರ್ಷ ಸೀರೆಯ ಗಂಟು ಕಟ್ಟಿದವನು. ಅವನು ಹಾಕಿದ ಗಂಟು ಬಿಚ್ಚಲು ಹಳ್ಳಿಯ ವ್ಯಾಪಾರಿಗಳು ಹಲ್ಲು ಹಚ್ಚಬೇಕಾಗುತ್ತಿತ್ತು. ಮನೆ, ಅಂಗಡಿ, ಮೋಟರ್‌ಸೈಕಲ್ಲು ಎಲ್ಲ ಬಿಟ್ಟು ಬಂದವನು ಆ ಹೆಮ್ಮೆಯನ್ನು ಮಾತ್ರ ಜೊತೆಗೇ ತಂದಿದ್ದ.

ಅಜ್ಜನವರೂ ಕಡಿಮೆ ಏನಲ್ಲ. ಕಾವಿ ಉಡುವ ಮುಂಚೆ ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವರು. ಧ್ಯಾನಕ್ಕೆ ಕೂತಾಗ ಅವರ ಬಲಗಾಲು ಈಗಲೂ ಬ್ರೇಕ್ ಹುಡುಕುತ್ತದೆ ಎಂದು ಭಕ್ತರು ಅವರ ಎದುರಿಗೇ ನಗುತ್ತಿದ್ದರು.

ಒಂದು ಬೆಳಿಗ್ಗೆ ಈರಸಂಗಪ್ಪ ಆರು ವರ್ಷಗಳಿಂದ ಕೇಳುತ್ತಿದ್ದುದನ್ನೇ ಮತ್ತೆ ಕೇಳಿದ.

"ಈ ಹುಣ್ಣಿಮಿಗರ ಕಾವಿ ಕೊಡ್ತೀರೇನ್ರಿ, ಅಜ್ಜಾರ?"

ಅಜ್ಜನವರು ದನದ ಕೊಟ್ಟಿಗೆಯ ಕಡೆ ಕೈ ಮಾಡಿದರು. "ಮೊದಲು ಅದನ್ನ ಅದರ ಮನಿಗೆ ಮುಟ್ಟಸು."

ಕೊಟ್ಟಿಗೆಯಲ್ಲಿ ಎರಡು ಎಮ್ಮೆಗಳ ಪಕ್ಕ ಒಂದು ಕೆಂಪು ಸ್ಪೋರ್ಟ್ಸ್ ಕಾರು ನಿಂತಿತ್ತು. ಎಷ್ಟು ಕುಳ್ಳಗಿತ್ತೆಂದರೆ ಆಶ್ರಮದ ಬೆಕ್ಕು ಕೂಡ ಹೊಟ್ಟೆ ಎಳೆದುಕೊಂಡೇ ಅದರ ಕೆಳಗೆ ನುಸುಳಬೇಕು.

ಅದು ಹುಬ್ಬಳ್ಳಿಯ ಗ್ರಾನೈಟ್ ವ್ಯಾಪಾರಿ ಶಿವಕಾಂತನದು. ನಾಲ್ಕು ತಿಂಗಳ ಹಿಂದೆ ಅಜ್ಜನವರ ಪ್ರವಚನ ಕೇಳಿ ಅವನಿಗೆ ಇದ್ದಕ್ಕಿದ್ದಂತೆ ವೈರಾಗ್ಯ ಬಂದು, ಕಾರಿನ ಕೀಲಿಕೈಯನ್ನು ಅವರ ಪಾದದ ಬಳಿ ಇಟ್ಟು, ಕಣ್ಣೊರೆಸಿಕೊಳ್ಳುತ್ತ ಬಸ್ಸು ಹತ್ತಿ ಹೋಗಿದ್ದ. ವೈರಾಗ್ಯ ಯುಗಾದಿಯವರೆಗೆ ಬಾಳಿಕೆ ಬಂತು. ಆಮೇಲೆ ಅವನು ವಾರಕ್ಕೆರಡು ಸಲ ಫೋನ್ ಮಾಡಿ ಅಜ್ಜನವರ ಆರೋಗ್ಯ ವಿಚಾರಿಸಲು ಶುರುಮಾಡಿದ, ಕೊನೆಗೆ ಮೆಲ್ಲಗೆ ಕಾರಿನ ಆರೋಗ್ಯವನ್ನೂ.

ಆದರೆ ಆಶ್ರಮದ ದಾರಿಯಲ್ಲಿ ಆ ಕಾರನ್ನು ಓಡಿಸುವ ಹಾಗಿರಲಿಲ್ಲ. ಬರುವಾಗಲೇ ಅದು ಹೊಟ್ಟೆ ಉಜ್ಜಿಕೊಂಡು ಬಂದಿತ್ತು. ಭಕ್ತರೊಬ್ಬರ ಮೇಲ್ಛಾವಣಿಯಿಲ್ಲದ ಟ್ರೇಲರ್ ಕೇಳಿ ತಂದದ್ದಾಗಿತ್ತು. ಆಶ್ರಮದ ಹಳೆಯ ಜೀಪು ಅದನ್ನು ಎಳೆಯಬೇಕು, ಜೀಪನ್ನು ಅಜ್ಜನವರೇ ಓಡಿಸಬೇಕು. ಕಾರನ್ನು ಹೇರಿ ಕಟ್ಟುವುದು ಈರಸಂಗಪ್ಪನ ಪಾಲು.

"ಒಂದ ಗೀರು ಬಿದ್ರೂ ಕಾವಿ ಮುಂದಿನ ವರ್ಷ," ಎಂದರು ಅಜ್ಜನವರು.

ಈರಸಂಗಪ್ಪನಿಗೆ ಒಳಗೊಳಗೇ ಖುಷಿಯಾಯಿತು. ಕಟ್ಟುವ ಕೆಲಸ ತಾನೆ, ಹುಣ್ಣಿಮೆ ಅಂಗೈಯಲ್ಲಿ ಬಂದು ಕೂತ ಹಾಗಾಯಿತು.

ಅವನು ಟ್ರೇಲರಿನ ಹಿಂದೆ ಎರಡು ಕಬ್ಬಿಣದ ಹಲಗೆ ಇಳಿಬಿಟ್ಟು ಕಾರನ್ನು ಹತ್ತಿಸಲು ನೋಡಿದ. ಗಾಲಿ ಹಲಗೆಯನ್ನು ಮುಟ್ಟುವ ಮುಂಚೆಯೇ ಮೂತಿ ಮುಟ್ಟಿತು. ಹಲಗೆಯ ಕೆಳಗೆ ಕಲ್ಲಿಟ್ಟ, ಇಟ್ಟಿಗೆ ಇಟ್ಟ, ಅಡುಗೆಮನೆಯ ಮಣೆಯನ್ನೂ ತಂದಿಟ್ಟ. ಕಾರು ಮೂತಿ ಒಡ್ಡಿಕೊಂಡು ಅಲ್ಲೇ ನಿಂತಿತು.

"ಏರಸಾಕ ಆಗವಲ್ದರಿ, ಅಜ್ಜಾರ."

"ಕಾರ ಏರಸಬ್ಯಾಡ. ಟ್ರೇಲರ್ ಇಳಸು."

ಈರಸಂಗಪ್ಪ ಅದನ್ನು ವೇದಾಂತ ಎಂದುಕೊಂಡು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಚಿಂತಿಸಿದ. ಅಷ್ಟರಲ್ಲಿ ಅಜ್ಜನವರು ಜೀಪು ಹತ್ತಿ, ಟ್ರೇಲರನ್ನು ಹೊಳೆಗಿಳಿಯುವ ಬಂಡಿದಾರಿಯ ತಗ್ಗಿಗೆ ಎಳೆದುಕೊಂಡು ಹೋಗಿ ನಿಲ್ಲಿಸಿದ್ದರು. ಹಿಂದಿನ ಏರಿಗೆ ಹಲಗೆ ಚಾಚಿದಾಗ ದಂಡೆಯೂ ಟ್ರೇಲರೂ ಒಂದೇ ಮಟ್ಟಕ್ಕೆ ಬಂದವು. ಕಾರು ಅಂಗಳದಲ್ಲಿ ನಡೆದ ಹಾಗೆ ನಡೆದು ಹೋಗಿ ನಿಂತಿತು.

ಒಳಗೆ ಕೂತು ಓಡಿಸಿದ್ದ ಈರಸಂಗಪ್ಪ ಇಳಿಯಲು ಬಾಗಿಲು ತೆಗೆದ. ಬಾಗಿಲು ನಾಲ್ಕು ಬೆರಳು ತೆರೆದು ಟ್ರೇಲರಿನ ಮಡ್‌ಗಾರ್ಡಿಗೆ ತಾಗುವ ಹಾಗಾಯಿತು. ಆ ಕಡೆಯದನ್ನು ತೆಗೆದು ನೋಡಿದ. ಅದೂ ಅಷ್ಟೇ.

ಅಜ್ಜನವರು ಒಂದು ಲೋಟ ಚಹಾ ತಂದು ಕಿಟಕಿಯಿಂದ ಒಳಗೆ ಕೊಟ್ಟರು. "ಒಳಗ ಹೋಗೂಕಿಂತ ಮೊದಲ ಹೊರಗ ಬರೂ ದಾರಿ ನೋಡಬೇಕಾಗಿತ್ತಪಾ."

"ಸಂಸಾರದ ಬಗ್ಗೆ ಹೇಳಿದಿರೇನ್ರಿ?"

"ಬಾಗಲದ ಬಗ್ಗೆ."

ಚಹಾ ಕುಡಿದು ಮುಗಿಸಿ ಈರಸಂಗಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದ, ಆಮೇಲೆ ಕೈ, ಆಮೇಲೆ ಬಹಳ ಹೊತ್ತಿನ ಮೇಲೆ ಹೊಟ್ಟೆ. ಆರು ವರ್ಷದ ಆಶ್ರಮದ ಊಟ ಅಷ್ಟು ಸಾತ್ವಿಕವಾಗಿರಲಿಲ್ಲ ಎಂಬುದು ಅಲ್ಲಿ ಬಯಲಾಯಿತು.

ಇನ್ನು ಕಟ್ಟುವುದು. ಅಜ್ಜನವರು ನಾಲ್ಕು ಅಗಲದ ಬೆಲ್ಟು ಕೊಟ್ಟರು. ಅವು ಈರಸಂಗಪ್ಪನ ಕೈಗೆ ಸಾಲಲಿಲ್ಲ. ಬಾವಿಯ ಹಗ್ಗ ತಂದ, ಎಮ್ಮೆಯ ಹಗ್ಗ ತಂದ. ಛಾವಣಿಯ ಮೇಲಿನಿಂದ, ಕಿಟಕಿಯೊಳಗಿಂದ, ಮೂತಿಯ ಸುತ್ತ ಹಾಯಿಸಿ, ಕಾಲು ಕೊಟ್ಟು ಜಗ್ಗಿ, ಗದಗಿನ ಅಂಗಡಿಯ ತನ್ನ ಹೆಸರುವಾಸಿ ಗಂಟನ್ನು ಒಂಬತ್ತು ಕಡೆ ಹಾಕಿದ. ಮೊದಲೇ ಕುಳ್ಳಗಿದ್ದ ಕಾರು ಇನ್ನಷ್ಟು ಕುಸಿದು ಕೂತಿತು.

"ಇನ್ನ ಭೂಕಂಪ ಆದ್ರೂ ಹಂದೋದಿಲ್ರಿ."

ಅಜ್ಜನವರು ಸುತ್ತ ಬಂದು ನೋಡಿದರು. ಟ್ರೇಲರಿನ ಕೊಂಡಿ ಕಳಚಿ, ಈರಸಂಗಪ್ಪನನ್ನು ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿದರು. ತಮ್ಮ ಶಾಲಿನಿಂದ ಅವನ ಎರಡೂ ಭುಜ ಸೇರಿಸಿ ಸೀಟಿಗೆ ಬಿಗಿದು ಕಟ್ಟಿದರು. ಹೊಲದ ಬದುಗಳ ಮೇಲೆ ಜೀಪನ್ನು ಒಂದು ಸುತ್ತು ಓಡಿಸಿದರು.

ಒಂದೊಂದು ಬದುವಿಗೂ ಅವನ ಹಲ್ಲು ಕಟಕಟ ಅಂದವು, ಕುತ್ತಿಗೆ ಲಟಕ್ ಅಂದಿತು. ಜೀಪು ನಿಂತಾಗ ಅವನಿಗೆ ತನ್ನ ಹೆಸರೇ ನೆನಪಿರಲಿಲ್ಲ.

ಅಜ್ಜನವರು ಶಾಲು ಬಿಚ್ಚಿ ಈ ಸಲ ಅವನ ಪಾದಗಳನ್ನಷ್ಟೇ ಕೆಳಗಿನ ಕಬ್ಬಿಣಕ್ಕೆ ಕಟ್ಟಿದರು. ಅದೇ ಬದುಗಳ ಮೇಲೆ ಇನ್ನೊಂದು ಸುತ್ತು ಓಡಿಸಿದರು. ಅವನು ಆಚೆಗೆ ತೂಗಿದ, ಈಚೆಗೆ ತೂಗಿದ, ಒಂದೆರಡು ಸಲ ನಕ್ಕೂ ಬಿಟ್ಟ. ಬಿದ್ದಿದ್ದು ಮಾತ್ರ ಇಲ್ಲ.

"ಗಾಲಿ ಕಟ್ಟು," ಎಂದು ಹೇಳಿ ಅಜ್ಜನವರು ಹೊಳೆಗೆ ಸ್ನಾನಕ್ಕೆ ಹೋದರು.

ಈರಸಂಗಪ್ಪ ತನ್ನ ಒಂಬತ್ತು ಗಂಟು ಬಿಚ್ಚಲು ಕೂತ. ಒಂದೂ ಬಿಚ್ಚಲಿಲ್ಲ. ಬೆರಳಿನಿಂದ ನೋಡಿದ, ಹಲ್ಲಿನಿಂದ ನೋಡಿದ. ಹದಿನೈದು ವರ್ಷ ತನ್ನನ್ನು ಯಾರು ಯಾರು ಬೈದಿರಬೇಕೆಂದು ಅವನಿಗೆ ಆವತ್ತು ಗೊತ್ತಾಯಿತು. ಕೊನೆಗೆ ಹುಲ್ಲು ಕೊಯ್ಯುವ ಕುಡುಗೋಲು ತಂದು ಹಗ್ಗ ಕೊಯ್ದ. ಎಂಟು ಗಂಟು ಸುಸೂತ್ರವಾಗಿ ಹೋದವು. ಒಂಬತ್ತನೆಯದು ಪಟ್ಟನೆ ಹರಿದು ಕುಡುಗೋಲಿನ ತುದಿ ಕಾರಿನ ಮೂತಿಯ ಮೇಲೆ ಸರ್ರನೆ ಎಳೆಯಿತು.

ಅಡ್ಡಕ್ಕೆ ಒಂದು ಗೇಣುದ್ದದ ಬಿಳಿ ಗೀರು.

ಹುಣ್ಣಿಮೆಗೆ ಇನ್ನು ಆರೇ ದಿನ. ಅವನು ಎಂಜಲು ಹಚ್ಚಿ ಉಜ್ಜಿದ. ಗೀರು ಇನ್ನೂ ಚೆನ್ನಾಗಿ ಕಂಡಿತು. ಆಗ ಅವನ ಕೈ ತಾನಾಗಿಯೇ ಸೊಂಟದ ವಿಭೂತಿ ಗಟ್ಟಿಗೆ ಹೋಯಿತು. ಗೀರಿನ ಮೇಲೆ ಒಂದು ಎಳೆ ಎಳೆದ. ಒಂದೇ ಎಳೆ ಅನುಮಾನಕ್ಕೆ ದಾರಿಯಾಗುತ್ತದೆಂದು ಮೇಲೊಂದು, ಕೆಳಗೊಂದು ಎಳೆದ. ಕಣಗಿಲೆ ಹೂವನ್ನೂ ಇಟ್ಟ.

ಸ್ನಾನ ಮುಗಿಸಿ ಬಂದ ಅಜ್ಜನವರು ಕಾರನ್ನು ನೋಡಿದರು, ಶಿಷ್ಯನನ್ನು ನೋಡಿದರು.

"ಪೂಜಿ ಆತೇನು?"

"ಆತ್ರಿ."

ಗಾಲಿಗಳಿಗೆ ಬೆಲ್ಟು ಬಿಗಿದು, ಹಿಂದೆ ಮುಂದೆ ಮರದ ತುಂಡು ಕೊಟ್ಟು ಹೊರಟರು. ಹತ್ತು ಕಿಲೋಮೀಟರ್ ಹೋದ ಮೇಲೆ ಅಜ್ಜನವರು ಬೇವಿನ ಮರದ ಕೆಳಗೆ ಜೀಪು ನಿಲ್ಲಿಸಿ ಬೆಲ್ಟು ನೋಡಲು ಹೇಳಿದರು. ಈರಸಂಗಪ್ಪನಿಗೆ ಸ್ವಲ್ಪ ಅವಮಾನವಾಯಿತು. ಇಳಿದು ಮುಟ್ಟಿ ನೋಡಿದರೆ ನಾಲ್ಕೂ ಸಡಿಲ.

ತಾನು ಬಿಗಿಯಾಗಿಯೇ ಕಟ್ಟಿದ್ದೆನೆಂದು ಅವನು ಆಣೆ ಮಾಡಿ ಹೇಳಿದ.

"ಬಿಗೀನ ಕಟ್ಟಿದ್ದಿ ತಮ್ಮಾ," ಅಂದರು ಅಜ್ಜನವರು. "ಹೊರಡೂಕಿಂತ ಮೊದಲ."

ಬೆಲ್ಟು ಬಿಗಿಯುತ್ತ ಮುಂದೆ ಬಂದವನಿಗೆ ಇನ್ನೊಂದು ಕಂಡಿತು. ತೆರೆದ ಟ್ರೇಲರು, ಎದುರುಗಾಳಿ. ಹೂವು ಎಲ್ಲೋ ಹಾರಿ ಹೋಗಿತ್ತು, ವಿಭೂತಿ ಅರ್ಧ ಹೋಗಿತ್ತು. ಅಜ್ಜನವರು ಮರದ ಕಡೆ ತಿರುಗಿದ್ದಾಗ ಅವನು ಬೇಗ ಬೇಗ ಮತ್ತೆ ಮೂರೆಳೆ ಎಳೆದ.

ಮುಂದೆ ಬೆಲ್ಟುಗಳು ಅಲುಗಾಡಲಿಲ್ಲ. ವಿಭೂತಿ ಮಾತ್ರ ನಿಲ್ಲಲೊಲ್ಲದು. ನವಲಗುಂದದಲ್ಲಿ ನೀರು ಕುಡಿಯುವ ನೆಪ ಹೇಳಿ ಇಳಿದು ಹಚ್ಚಿದ. ಅಣ್ಣಿಗೇರಿಯ ಕಡೆ ಹೊರಳುವ ರಸ್ತೆ ಬಂದಾಗ ಹೊಟ್ಟೆ ಸರಿಯಿಲ್ಲವೆಂದು ಹೇಳಿ ಇಳಿದು ಹಚ್ಚಿದ. ಹುಬ್ಬಳ್ಳಿ ಹತ್ತಿರ ಬಂದಾಗ ಅವನು ಬಾಯಿ ತೆರೆಯುವ ಮೊದಲೇ ಜೀಪು ನಿಂತಿತು. ಅಜ್ಜನವರು ತಮ್ಮ ಜೋಳಿಗೆಯಿಂದ ವಿಭೂತಿ ಗಟ್ಟಿ ತೆಗೆದು ಅವನ ಕಡೆ ಚಾಚಿದರು.

"ನಿಂದು ಮುಗದಿರಬೇಕು. ನಂದು ತಗೋ."

ಈರಸಂಗಪ್ಪ ಅದನ್ನು ತೆಗೆದುಕೊಂಡ. ಹಚ್ಚಿಯೂ ಹಚ್ಚಿದ.

ಶಿವಕಾಂತ ತನ್ನ ಗ್ರಾನೈಟ್ ಅಂಗಳಕ್ಕೆ ಬರಿಗಾಲಲ್ಲಿ ಓಡಿಬಂದ. ಕಲ್ಲಿನ ಚಪ್ಪಡಿ ಇಳಿಸುವ ಕಟ್ಟೆಯೊಂದು ಅಲ್ಲಿತ್ತು. ಕಾರನ್ನು ಅದರ ಮೇಲೆ ತಳ್ಳಿ ಇಳಿಸಿದರು. ಮೂತಿಯ ಮೇಲಿನ ಮೂರೆಳೆ ಕಂಡದ್ದೇ ಅವನ ಕಣ್ಣು ತುಂಬಿ ಬಂದವು. ಅಜ್ಜನವರು ಆಶೀರ್ವಾದ ಮಾಡಿ ಕಳಿಸಿದ ವಿಭೂತಿಯನ್ನು ತಾನು ಜನ್ಮದಲ್ಲಿ ತೊಳೆಯುವುದಿಲ್ಲ, ಬೇಕಾದರೆ ಅದರ ಮೇಲೆ ಗಾಜು ಕೂರಿಸುತ್ತೇನೆ ಅಂದ. ಅಂದವನೇ ಬಗ್ಗಿ ಆ ಜಾಗಕ್ಕೆ ಹಣೆ ಹಚ್ಚಿದ.

ಈರಸಂಗಪ್ಪ ಗೆದ್ದಿದ್ದ. ಗಾಜೇ ಕೂತ ಮೇಲೆ ಗೀರು ಯಾರಿಗೆ ಕಾಣಬೇಕು. ಹುಣ್ಣಿಮೆ ಬರುತ್ತದೆ, ಕಾವಿ ಬರುತ್ತದೆ. ಆದರೆ ತನ್ನ ಕುಡುಗೋಲಿನ ಗೀರಿಗೆ ಒಬ್ಬ ಮನುಷ್ಯ ಹಣೆ ಹಚ್ಚಿ ನಿಂತಿದ್ದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ. ಶಿವಕಾಂತನನ್ನು ತೋಳು ಹಿಡಿದು ಸರಿಸಿ, ತನ್ನ ಧೋತ್ರದ ಅಂಚಿನಿಂದ ವಿಭೂತಿ ಒರೆಸಿಬಿಟ್ಟ.

"ಆಶೀರ್ವಾದ ಅಲ್ರಿ. ನಾನ ಗೀರಿದ್ದು. ಮುಚ್ಚೀನ್ರಿ."

ಶಿವಕಾಂತ ಗೀರಿನ ಮೇಲೆ ಬೆರಳಾಡಿಸಿದ. ಅವನ ಮುಖ ಸಣ್ಣದಾಯಿತು. ಆ ವಿಭೂತಿಯನ್ನು ಇದ್ದ ಹಾಗೇ ಮತ್ತೆ ಹಚ್ಚಲು ಆಗುತ್ತದೆಯೇ ಎಂದು ಕೇಳಿದ.

ಆಗುವುದಿಲ್ಲ ಎಂದ ಈರಸಂಗಪ್ಪ.

ತಿರುಗಿ ಬರುವಾಗ ಖಾಲಿ ಟ್ರೇಲರು ಹಿಂದೆ ಗಡಗಡ ಸದ್ದು ಮಾಡುತ್ತಿತ್ತು. ಈರಸಂಗಪ್ಪ ಇನ್ನೂ ಒಂದು ವರ್ಷದ ಸಗಣಿಯನ್ನು ಮನಸ್ಸಿನಲ್ಲೇ ಬಾಚುತ್ತಿದ್ದ. ಅದೇ ಬೇವಿನ ಮರ ಬಂದಾಗ ಅಜ್ಜನವರು ಜೀಪು ನಿಲ್ಲಿಸಿ, ಸೀಟಿನ ಕೆಳಗಿನಿಂದ ಒಂದು ಗಂಟು ತೆಗೆದು ಅವನ ತೊಡೆಯ ಮೇಲಿಟ್ಟರು. ಎಳೆದರೆ ಬಿಚ್ಚಿಕೊಳ್ಳುವ ಸಾದಾ ಗಂಟು. ಒಳಗೆ ಮಡಿಸಿದ ಕಾವಿ ಬಟ್ಟೆ ಇತ್ತು, ಬೆಳಿಗ್ಗೆಯಿಂದಲೂ ಅಲ್ಲೇ ಇದ್ದದ್ದು.

"ಗೀರು ಬಿದ್ದೈತಲ್ರಿ, ಅಜ್ಜಾರ."

"ಬಿದ್ದೈತಿ. ನಿನಗ ಒರಸಾಕ ಬಂತಲ್ಲ."

ಈರಸಂಗಪ್ಪ ಬಟ್ಟೆಯನ್ನು ಎದೆಗೆ ಒತ್ತಿಕೊಂಡ. ಆರು ವರ್ಷದ ಆಸೆ ಕೈಗೆ ಬಂದಿತ್ತು. ಅಳು ಬಂತು, ನಗುವೂ ಬಂತು. ಕಣ್ಣೊರೆಸಿಕೊಂಡು ಕೇಳಿದ.

"ಹಂಗಾರ ಇನ್ನ ಮುಗೀತೇನ್ರಿ? ಇದನ್ನ ಉಟ್ಟ ಮ್ಯಾಲ ಮತ್ತೇನೂ ನೋಡೋದು ಇರೋದಿಲ್ಲಲ್ರಿ?"

ಅಜ್ಜನವರು ಜೀಪನ್ನು ಗೇರಿಗೆ ಹಾಕಿದರು.

"ಹತ್ತ ಕಿಲೋಮೀಟರ್ ಹೋದ ಮ್ಯಾಲ ನಿಂತು, ಮತ್ತೊಮ್ಮೆ ಮುಟ್ಟಿ ನೋಡ್ಕೋ."